ಹಾಸಿಗೆ ಒದ್ದೆಯಾದ ಕಡೆ ತೂತು ಹುಡುಕಬೇಡಿ

ಪ್ರಶ್ನೆ: ನಮ್ಮದು ಮರದ ಮೇಲೆ ಫೈಬರ್ ಹೊದಿಸಿದ ಟ್ರಾಲ್ ಬೋಟು, ಗಂಗೊಳ್ಳಿ ಬಂದರಿನಲ್ಲಿ ಇರ್ತದೆ. ಎರಡು ವರ್ಷದಿಂದ ಕ್ಯಾಬಿನ್ ಒಳಗೆ ಎಡಬದಿಯ ಬಂಕ್ ಒದ್ದೆಯಾಗ್ತಾ ಇದೆ. ಮಾಡಿನ (ಚಾವಣಿಯ) ಲೈಟಿನ ಹತ್ತಿರ ನೀರು ತೊಟ್ಟಿಕ್ಕುತ್ತದೆ. ಹೊರಗಿಂದ ಸಿಲಿಕಾನ್ ಹಾಕಿದೆವು, ಎಂ-ಸೀಲ್ ಹಾಕಿದೆವು, ಮಾಡಿನ ಮೇಲೆ ಮತ್ತೊಂದು ಕೋಟ್ ಫೈಬರ್ ಕೂಡ ಹೊಡೆಸಿದೆವು. ಒಂದು ತಿಂಗಳು ನಿಲ್ತದೆ, ಮತ್ತೆ ಶುರು. ಕೆಲಸದವರು ಇಡೀ ಮಾಡು ತೆಗೆದು ಹೊಸದು ಮಾಡಿ ಅಂತಾರೆ. ಅದು ಬೇಕಾ? ನೀರು ಎಲ್ಲಿಂದ ಬರ್ತದೆ ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಮಾಡು ತೆಗೆಸುವ ಮಾತು ಸದ್ಯಕ್ಕೆ ಬದಿಗಿಡಿ. ನೀರಿನ ದಾರಿ ಗೊತ್ತಾಗದೆ ಹೊಸ ಮಾಡು ಹಾಕಿಸಿದರೆ ಏನಾಗುತ್ತದೆ? ಅದೇ ಆಂಟೆನಾ ಕೇಬಲ್, ಅದೇ ಬ್ರಾಕೆಟ್, ಅದೇ ಸೈಲೆನ್ಸರ್ ಪೈಪು ಹೊಸ ಮಾಡನ್ನೂ ತೂರಿಕೊಂಡೇ ಹೋಗಬೇಕು. ಸೋರಿಕೆಯೂ ಅಲ್ಲೇ ಮತ್ತೆ ಹುಟ್ಟುತ್ತದೆ. ಸಿಲಿಕಾನ್ ಟ್ಯೂಬನ್ನೂ ಸದ್ಯ ಒಳಗಿಡಿ. ಮೂಲ ಸಿಗುವವರೆಗೆ ಅದು ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ ಮಾಡುತ್ತದೆ.

ನೀವು ಬರೆದದ್ದರಲ್ಲಿ 'ಒಂದು ತಿಂಗಳು ನಿಲ್ತದೆ' ಅನ್ನುವ ಮಾತು ನನಗೆ ಮುಖ್ಯ ಅನಿಸಿತು. ಆ ತಿಂಗಳು ಮಳೆ ಇತ್ತಾ? ಬೋಟು ಕಡಲಿಗೆ ಹೋಗಿತ್ತಾ, ಇಲ್ಲಾ ದಕ್ಕೆಯಲ್ಲೇ (ಬೋಟು ಕಟ್ಟುವ ಕಟ್ಟೆಯಲ್ಲೇ) ಕಟ್ಟಿತ್ತಾ? ಮಳೆ ಬಂದೂ, ಅಲೆ ಹೊಡೆದೂ ಒಳಗೆ ಒಣಗಿತ್ತು ಅಂದರೆ ನೀವು ಹಚ್ಚಿದ ಜಾಗಗಳಲ್ಲಿ ಒಂದಾದರೂ ಸರಿಯಾದ ಜಾಗ. ಆದರೆ ಅದು ಅಲುಗಾಡುವ ಜಾಗ, ಹಚ್ಚಿದ್ದು ಬಿರಿದು ಹೋಗಿದೆ. ಮಳೆಯೇ ಇರಲಿಲ್ಲ ಅಂದರೆ ನಿಮ್ಮ ರಿಪೇರಿಯಿಂದ ಏನೂ ಆಗಿಲ್ಲ, ನೀರೇ ಬಂದಿರಲಿಲ್ಲ ಅಷ್ಟೆ. ಇದನ್ನು ಬೋಟು ನಡೆಸುವ ತಾಂಡೇಲರ ಹತ್ತಿರ ಕೂತು ನೆನಪು ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಇನ್ನು ಲೈಟಿನ ವಿಷಯ. ನೀರು ತೊಟ್ಟಿಕ್ಕುವ ಜಾಗ ಬೇರೆ, ನೀರು ಒಳಗೆ ಬರುವ ಜಾಗ ಬೇರೆ. ಮಾಡಿನ ಪ್ಲೈವುಡ್‌ಗೂ ಒಳಗೆ ಕಾಣುವ ಶೀಟಿಗೂ ನಡುವೆ ಸಂದು ಇರುತ್ತದೆ. ಮೇಲಿಂದ ಇಳಿದ ನೀರು ಆ ಸಂದಿನಲ್ಲಿ ಬೀಮಿನ ಬದಿ ಹಿಡಿದು, ವೈರಿನ ಮೇಲೆ ಜಾರಿ, ತಗ್ಗು ಇರುವ ಕಡೆ ಹೋಗುತ್ತದೆ. ಲೈಟಿಗಾಗಿ ಶೀಟಿಗೆ ಕೊರೆದ ತೂತು ಸಿಕ್ಕಿದ ಕೂಡಲೇ ಕೆಳಗೆ ಬೀಳುತ್ತದೆ. ಒಳಗೆ ಬಂದ ಜಾಗ ಅಲ್ಲಿಂದ ಆರೆಂಟು ಅಡಿ ದೂರ ಇದ್ದರೂ ಆಶ್ಚರ್ಯ ಇಲ್ಲ. ಜೊತೆಗೆ ಬೋಟಿನ ಓಲುವಿಕೆ ಬೇರೆ. ಐಸು ತುಂಬಿದಾಗ ಬೋಟು ಕೂರುವ ರೀತಿ ಬೇರೆ, ಖಾಲಿ ಇದ್ದಾಗ ಬೇರೆ. ತಗ್ಗು ಬದಲಾದರೆ ತೊಟ್ಟಿಕ್ಕುವ ಜಾಗವೂ ಬದಲಾಗುತ್ತದೆ. ಹಾಗಾಗಿ ಲೈಟಿನ ನೇರ ಮೇಲೆ ಮಾಡಿಗೆ ಎಷ್ಟು ಸಿಲಿಕಾನ್ ಬಳಿದರೂ ಸುಮ್ನೆ ದಂಡ.

ಮೊದಲು ಇದು ಯಾವ ನೀರು ಅಂತ ತಿಳಿಯಬೇಕು. ಮಳೆನೀರಾ, ಕಡಲ ನೀರಾ, ಕುಡಿಯುವ ಟ್ಯಾಂಕಿನದಾ, ಎಂಜಿನ್ ಕೂಲಿಂಗಿನದಾ, ಇಲ್ಲಾ ಗಾಳಿಯಲ್ಲಿರುವ ತೇವವೇ ನೀರಾಗಿದ್ದಾ? ನಾಲಿಗೆಗೆ ಮುಟ್ಟಿಸಿ ನೋಡುವ ಅಭ್ಯಾಸ ಎಲ್ಲರಿಗೂ ಇದೆ. ಡೀಸೆಲ್, ಬ್ಯಾಟರಿ ಆಸಿಡ್ ಇರುವ ಜಾಗದಲ್ಲಿ ಅದು ಬೇಡ. ಸುಲಭದ ದಾರಿ ಒಂದಿದೆ. ತೊಟ್ಟಿಕ್ಕುವ ನೀರನ್ನು ಸ್ವಚ್ಛ ಸ್ಟೀಲ್ ತಟ್ಟೆಗೆ ಸ್ವಲ್ಪ ಹಿಡಿದು ಬಿಸಿಲಲ್ಲಿ ಒಣಗಿಸಿ. ಕಡಲ ನೀರಾದರೆ ಉಪ್ಪಿನ ಬಿಳಿ ಪದರ ಉಳಿಯುತ್ತದೆ. ಕುಡಿಯುವ ನೀರು ಪರೀಕ್ಷಿಸುವ ಸಣ್ಣ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಷ್ಟು ಉಪ್ಪನ್ನು ಅಳೆಯಲಾಗದೆ ಈ ಮೀಟರ್ ಕೈಚೆಲ್ಲುತ್ತದೆ. ಮಳೆನೀರಿಗೆ ಕೆಲವೇ ಹತ್ತರ ಅಂಕಿ ತೋರಿಸುತ್ತದೆ. ದೊಡ್ಡ ಹಡಗುಗಳ ಸರ್ವೇಯರ್‌ಗಳು ಇದೇ ಕೆಲಸಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣ ಬಳಸುತ್ತಾರೆ. ಎರಡು ಹನಿ ಹಾಕಿದರೆ ಉಪ್ಪುನೀರು ಬೆಳ್ಳಗೆ ಕದಡುತ್ತದೆ. ಕೈಗೆ ತಾಗಿದರೆ ಚರ್ಮ ಕಪ್ಪಾಗುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಎರಡು ವರ್ಷದಿಂದ ಒದ್ದೆಯಾಗಿರುವ ಸಂದಿನಲ್ಲಿ ಹಳೆಯ ಉಪ್ಪು ಕೂತಿರಬಹುದು. ಶುದ್ಧ ಮಳೆನೀರೂ ಅದನ್ನು ಕರಗಿಸಿಕೊಂಡು ಉಪ್ಪಾಗಿಯೇ ಇಳಿಯುತ್ತದೆ. ಆದ್ದರಿಂದ ಮೊದಲ ಹನಿಗಳನ್ನು ನಂಬಬೇಡಿ. ಸ್ವಲ್ಪ ಹೊತ್ತು ಹರಿಯಲು ಬಿಟ್ಟು ಆಮೇಲೆ ಹಿಡಿಯಿರಿ. ಇನ್ನೊಂದು ನಿಮ್ಮ ಬಂದರಿನದೇ ವಿಷಯ. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ನದಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ತುಂಬಿ ಬರುವಾಗ ಬಂದರಿನ ನೀರೇ ಹೆಚ್ಚುಕಡಿಮೆ ಸಿಹಿ. ಆಗ ಬೋಟಿನ ತಳದಿಂದ ಒಳಬಂದ ನೀರೂ ಮಳೆನೀರೆಂದೇ ಅನಿಸೀತು. ಬಂಕಿನ ಕೆಳಗೆ ನೀರು ನಿಲ್ಲುತ್ತಿದ್ದರೆ ಬಿಲ್ಜ್ (ಬೋಟಿನ ತಳದಲ್ಲಿ ನೀರು ಸೇರುವ ಜಾಗ) ಪೂರ್ತಿ ಒಣಗಿಸಿ, ಒಂದು ಕಡೆ ಪೆನ್ಸಿಲ್ ಗುರುತು ಹಾಕಿ, ಮಳೆ ಇಲ್ಲದ ದಿನ ನೋಡಿ. ಬೋಟು ಸುಮ್ಮನೆ ಕಟ್ಟಿದ್ದಾಗಲೂ ನೀರು ಏರುತ್ತಿದೆಯಾ? ಹಾಗಿದ್ದರೆ ಇದು ಕ್ಯಾಬಿನ್ ಸೋರಿಕೆಯಲ್ಲ. ಸ್ಟರ್ನ್ ಟ್ಯೂಬಿನ ಗ್ಲ್ಯಾಂಡ್ (ಪ್ರೊಪೆಲ್ಲರ್ ಶಾಫ್ಟ್ ಹೊರಹೋಗುವ ಕಡೆ ನೀರು ತಡೆಯುವ ಭಾಗ), ಚುಕ್ಕಾಣಿಯ ರಡ್ಡರ್ ಗ್ಲ್ಯಾಂಡ್, ಕಡಲ ನೀರು ಎಳೆಯುವ ಹೋಸ್, ತಳದ ಹಲಗೆಯ ಕೀಲು, ಇವನ್ನು ಅದೇ ದಿನ ನೋಡಿಸಿ. ಅದು ಕಾಯುವ ವಿಷಯ ಅಲ್ಲ.

ಈಗ ಗಾಳಿಯ ತೇವ. ಸೋರಿಕೆ ಅಂತ ತೋರಿಸುವ ಬೋಟುಗಳಲ್ಲಿ ಹಲವು ಕಡೆ ತೂತೇ ಇರುವುದಿಲ್ಲ, ಇದ್ದರೂ ಅರ್ಧ ನೀರು ಇದರದ್ದೇ. ನಮ್ಮ ಕರಾವಳಿಯಲ್ಲಿ ಗಾಳಿ 30 ಡಿಗ್ರಿ ಬಿಸಿ, 85 ಶೇಕಡಾ ತೇವ ಇರುವುದು ಸಾಮಾನ್ಯ. ಅಂಥ ಗಾಳಿ 27 ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ತಾಗಿದರೂ ನೀರಾಗುತ್ತದೆ. ನಿಮ್ಮ ಕ್ಯಾಬಿನ್ನಿನ ಯಾವುದಾದರೂ ಗೋಡೆ ಐಸು ತುಂಬುವ ಹೋಲ್ಡಿಗೆ ಅಂಟಿಕೊಂಡಿದೆಯಾ? ಆ ಗೋಡೆಯ ಥರ್ಮೋಕೋಲ್ ಹಳೆಯದಾಗಿ ನೀರು ಕುಡಿದಿದ್ದರೆ ಗೋಡೆ ತಣ್ಣಗಾಗಿ ರಾತ್ರಿಯಿಡೀ ಬೆವರುತ್ತದೆ. ಒಳಗೆ ಏಳೆಂಟು ಜನ ಉಸಿರಾಡುತ್ತಾರೆ, ಅಡುಗೆಯೂ ಅಲ್ಲೇ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಅನ್ನ ಬೇಯಿಸುವಾಗ ಪಾತ್ರೆಯಿಂದ ಏಳುವ ಹಬೆ ಇದರ ಮೇಲೆ. ಅಲೆ ಜೋರಿದೆ ಅಂತ ಕಿಟಕಿ ಮುಚ್ಚಿದರೆ ಅದೆಲ್ಲ ಎಲ್ಲಿಗೆ ಹೋಗಬೇಕು?

ಪರೀಕ್ಷೆ ಸುಲಭ. ಒದ್ದೆಯಾಗುವ ಜಾಗವನ್ನು ಒರೆಸಿ ಒಣಗಿಸಿ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಅಂಟಿಸಿ. ನಾಲ್ಕೂ ಅಂಚಿಗೆ ಟೇಪ್ ಹಾಕಿ ಪೂರ್ತಿ ಮುಚ್ಚಿ. ಮರುದಿನ ಬೆಳಿಗ್ಗೆ ನೋಡಿ. ಹಾಳೆಯ ಮೇಲೆ ಹನಿ ಇದ್ದರೆ ಅದು ಕ್ಯಾಬಿನ್ ಗಾಳಿಯ ತೇವ. ಹಾಳೆಯ ಹಿಂದೆ ಹನಿ ಇದ್ದರೆ ನೀರು ಹಿಂದಿನಿಂದ ಬರುತ್ತಿದೆ. ಎರಡೂ ಕಡೆ ಇದ್ದರೆ ಎರಡೂ ಇವೆ. ತೇವದ್ದಾದರೆ ಯಾವ ಸೀಲೆಂಟೂ ಕೆಲಸಕ್ಕೆ ಬಾರದು. ಗಾಳಿ ಹೊರಗೆ ಹೋಗಲು ದಾರಿ ಬೇಕು, ಹೋಲ್ಡಿನ ಗೋಡೆಗೆ ಹೊಸ ಇನ್ಸುಲೇಷನ್ ಬೇಕು.

ನಿಮ್ಮಲ್ಲಿ ನೀರು ತೊಟ್ಟಿಕ್ಕುತ್ತಿದೆ, ಹೊರಗೆ ಹಚ್ಚಿದಾಗ ನಿಲ್ಲುತ್ತಿದೆ. ಮೇಲಿಂದ ಬರುವ ಸಂಭವವೇ ಜಾಸ್ತಿ ಅಂತ ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ಒಂದು ನೋಟ್‌ಬುಕ್ ವೀಲ್ ಹೌಸಿನಲ್ಲಿ (ಬೋಟು ನಡೆಸುವ ಕೋಣೆಯಲ್ಲಿ) ಇಡಿಸಿ. ನೀರು ಕಂಡಾಗೆಲ್ಲ ನಾಲ್ಕು ಮಾತು ಬರೆಯಲಿ: ಮಳೆ ಇತ್ತಾ, ಅಲೆ ಯಾವ ಕಡೆಯಿಂದ ಹೊಡೆಯುತ್ತಿತ್ತು, ಬೋಟು ಯಾವ ಕಡೆ ವಾಲಿತ್ತು, ಬಲೆ ಎಳೆಯುತ್ತಿದ್ದರಾ. ದಕ್ಕೆಯಲ್ಲಿ ಕಟ್ಟಿದ್ದಾಗ ಬರೀ ಮಳೆಗೆ ಸೋರಿದರೆ ಮಾಡನ್ನೇ ನೋಡಬೇಕು. ಎದುರಲೆಗೆ ಮಾತ್ರ ಸೋರಿದರೆ ಮುಂದಿನ ಗಾಜು, ಇಲ್ಲಾ ಕ್ಯಾಬಿನ್ ಗೋಡೆ ಡೆಕ್ಕಿಗೆ ಸೇರುವ ಕೀಲು. ಬಲೆ ಎಳೆಯುವಾಗ ಮಾತ್ರ ಅಂದರೆ ವಿಂಚ್ (ಬಲೆಯ ಹಗ್ಗ ಸುತ್ತುವ ಯಂತ್ರ) ಅಥವಾ ಗ್ಯಾಲೋಸ್ (ಆ ಹಗ್ಗ ಹಾಯುವ ಚೌಕಟ್ಟು) ಬೋಲ್ಟುಗಳ ಮೇಲೆ ಅನುಮಾನ ಪಡಿ. ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವ ಸಂದು ದಕ್ಕೆಯಲ್ಲಿ ಎಷ್ಟು ನೀರು ಹೊಡೆದರೂ ಸೋರುವುದಿಲ್ಲ.

ಆಮೇಲೆ ಒಳಗಿನ ಶೀಟು ಬಿಚ್ಚಬೇಕು. ಇದಕ್ಕೆ ಎಲ್ಲರೂ ಹಿಂದೆ ಸರಿಯುತ್ತಾರೆ. ಮಾಡನ್ನೇ ತೆಗೆಸಲು ತಯಾರಿರುವವರು ನಾಲ್ಕು ಶೀಟು ಬಿಚ್ಚಲು ಬೇಡ ಅನ್ನುತ್ತಾರೆ! ಬಿಚ್ಚಿ. ಲೈಟಿನಿಂದ ಶುರು ಮಾಡಿ ಮೇಲಕ್ಕೆ, ಅಂದರೆ ಎತ್ತರದ ಕಡೆಗೆ ಹೋಗಿ. ಟಾರ್ಚನ್ನು ನೇರ ಹಿಡಿಯಬೇಡಿ, ಪ್ಲೈವುಡ್‌ಗೆ ಒರಗಿಸಿ ಅಡ್ಡಲಾಗಿ ಬೆಳಕು ಬಿಡಿ. ನೀರು ಹರಿದ ಗೆರೆಗಳು ಆಗ ಎದ್ದು ಕಾಣುತ್ತವೆ. ಮಳೆನೀರಿನ ಗೆರೆ ಕಂದು, ಚಹಾದ ಕಲೆಯ ಬಣ್ಣ. ಕಡಲ ನೀರಿನದ್ದಾದರೆ ಅಂಚಿನಲ್ಲಿ ಬಿಳಿ ಪುಡಿ. ಬೋಲ್ಟಿನ ತುದಿಗಳನ್ನು ಒಂದೊಂದಾಗಿ ನೋಡಿ. ಸಾಲಾಗಿರುವ ನಾಲ್ಕು ಬೋಲ್ಟುಗಳಲ್ಲಿ ಮೂರು ಹೊಳೆಯುತ್ತಾ, ಒಂದರ ನಟ್ ಸುತ್ತ ಮಾತ್ರ ತುಕ್ಕಿನ ಉಂಗುರ ಇದ್ದರೆ ನೀರು ಅದರಲ್ಲೇ ಇಳಿಯುತ್ತಿದೆ. ಲೈಟಿನ ವೈರಿನ ಪ್ಲಾಸ್ಟಿಕ್ ಒಂದಿಂಚು ಸುಲಿದು ನೋಡಿ. ತಾಮ್ರ ಕೆಂಪಗೆ ಇರುವ ಬದಲು ಕಪ್ಪಾಗಿ, ಹಸಿರು ಪುಡಿ ಕಟ್ಟಿದ್ದರೆ ನೀರು ವೈರಿನ ಒಳಗೇ ಎಳೆಗಳ ನಡುವೆ ಬಂದಿದೆ. ಹಾಗಿದ್ದರೆ ಆ ವೈರಿನ ಇನ್ನೊಂದು ತುದಿ ಎಲ್ಲಿ ಹೊರಗೆ ಹೋಗುತ್ತದೋ ಅಲ್ಲಿಗೆ ಹೋಗಿ. ಈ ಕೆಲಸಕ್ಕೆ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಯಿರಿ. ದಕ್ಕೆಯಿಂದ ಕರೆಂಟ್ ಎಳೆದಿದ್ದರೆ ಅದನ್ನೂ ತೆಗೆಯಿರಿ.

ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಹೋದಿರಿ. ಇನ್ನು ನೀರು ಬಿಟ್ಟು ಖಚಿತ ಮಾಡಿಕೊಳ್ಳಬೇಕು. ಒಳಗೆಲ್ಲ ಒರೆಸಿ, ಬೀಮುಗಳಿಗೆ ಹಳೆ ಪೇಪರಿನ ಪಟ್ಟಿ ಅಂಟಿಸಿ. ಒಬ್ಬರು ಒಳಗೆ, ಒಬ್ಬರು ಹೊರಗೆ. ಪೈಪಿನಿಂದ ನೀರು ನಿಧಾನ ಹರಿಯಬೇಕು. ಕಾರು ತೊಳೆಯುವ ಪ್ರೆಶರ್ ಗನ್ ಬೇಡವೇ ಬೇಡ, ಅದು ಇಲ್ಲದ ಕಡೆಯೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತದೆ. ಕೆಳಗಿನಿಂದ ಶುರು ಮಾಡಿ: ಮೊದಲು ಗೋಡೆಯ ಬುಡ, ಆಮೇಲೆ ಕಿಟಕಿಯ ಕೆಳಗಿನ ಅಂಚು, ಬದಿಗಳು, ಮೇಲಿನ ಅಂಚು, ಕೊನೆಗೆ ಮಾಡು. ಮೇಲಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಯಾವುದು ಸೋರಿತು ಅಂತ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೆ ಹತ್ತು ನಿಮಿಷವಾದರೂ ಕೊಡಿ. ಅವಸರ ಮಾಡಿದರೆ ಮೊದಲು ಬಿಟ್ಟ ನೀರು ಮೂರನೇ ಜಾಗ ನೋಡುವಾಗ ಒಳಗೆ ಬರುತ್ತದೆ, ನೀವು ಮೂರನೆಯದನ್ನು ಬೈಯುತ್ತೀರಿ.

ಮಾಡಿನ ಮೇಲೆ ಹತ್ತಾರು ಬ್ರಾಕೆಟ್ ಇದ್ದರೆ ಪೈಪಿನಿಂದ ಬೇರ್ಪಡಿಸುವುದು ಕಷ್ಟ. ಆಗ ಗದ್ದೆಗೆ ಬದು ಕಟ್ಟಿದ ಹಾಗೆ ಒಂದೊಂದು ಬ್ರಾಕೆಟಿನ ಸುತ್ತ ಗಾಜು ಕೂರಿಸುವ ಪುಟ್ಟಿಯಿಂದ ಒಂದಿಂಚು ಎತ್ತರದ ಬದು ಕಟ್ಟಿ. ಒಳಗೆ ನೀರು ತುಂಬಿಸಿ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಅಂತ ಅಡುಗೆಯ ಬಣ್ಣ ಹಾಕಿ. ರಾತ್ರಿ ಬಿಟ್ಟು ಬೆಳಿಗ್ಗೆ ಒಳಗಿನ ಪೇಪರ್ ಪಟ್ಟಿ ನೋಡಿದರೆ ಬಣ್ಣವೇ ಹೇಳುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಪರೀಕ್ಷೆ ಇದು. ತಾಳ್ಮೆ ಒಂದಿದ್ದರೆ ಸಾಕು, ಖರ್ಚು ಅಂತ ಹೇಳುವಷ್ಟು ಏನೂ ಇಲ್ಲ.

ಇದರಲ್ಲೂ ಸಿಗದಿದ್ದರೆ ಗಾಳಿಯ ಪರೀಕ್ಷೆ. ಬಾಗಿಲಿಗೆ ಪ್ಲೈವುಡ್ ಹಲಗೆ ಅಡ್ಡ ಕೊಟ್ಟು, ಅದರಲ್ಲಿ ಒಂದು ತೂತು ಮಾಡಿ, ಧೂಳು ಊದುವ ಬ್ಲೋವರಿನಿಂದ ಕ್ಯಾಬಿನ್ ಒಳಗೆ ಗಾಳಿ ತುಂಬಿಸಿ. ಬೇಕಂತಲೇ ಇಟ್ಟ ಗಾಳಿಕಿಂಡಿಗಳಿಗೆ ಟೇಪ್ ಹಾಕಿ. ಗ್ಯಾಸ್ ಸಿಲಿಂಡರ್ ಹೊರಗಿರಲಿ, ಒಳಗೆ ಯಾರೂ ಇರಬಾರದು. ಹೊರಗೆ ಬ್ರಷ್‌ನಿಂದ ಸೋಪುನೀರು ಹಚ್ಚುತ್ತಾ ಹೋಗಿ. ಸಂದಿರುವ ಕಡೆ ಗುಳ್ಳೆ ಏಳುತ್ತದೆ. ನೀರು ಒಳಗೆ ಎಷ್ಟೇ ಸುತ್ತಿ ಬರಲಿ, ಈ ಪರೀಕ್ಷೆ ಹೊರಗಿನ ಬಾಯಿಯನ್ನೇ ನೇರ ತೋರಿಸುತ್ತದೆ.

ನಿಮ್ಮಂಥ ಬೋಟಿನಲ್ಲಿ ನಾನು ಮೊದಲು ನೋಡುವುದು ಕೇಬಲ್ ಒಳಬರುವ ತೂತು. ಜಿಪಿಎಸ್, ವಿಎಚ್‌ಎಫ್ ರೇಡಿಯೋ, ಬೋಟು ಎಲ್ಲಿದೆ ಅಂತ ತಿಳಿಸುವ ಟ್ರಾನ್ಸ್‌ಪಾಂಡರ್, ಸೋಲಾರ್ ಪ್ಯಾನೆಲ್, ಒಂದೊಂದು ಬಂದಾಗಲೂ ಯಾರೋ ಒಬ್ಬರು ಮಾಡಿಗೆ ತೂತು ಕೊರೆದು, ಕೇಬಲ್ ತೂರಿಸಿ, ಸುತ್ತ ಸಿಲಿಕಾನ್ ಮೆತ್ತಿ ಹೋಗಿರುತ್ತಾರೆ. ಗಾಳಿಗೆ ಕೇಬಲ್ ಅಲುಗಿ ಅಲುಗಿ ಆ ಮೆತ್ತಿಗೆ ಬಿಟ್ಟಿರುತ್ತದೆ. ಕೇಬಲ್ ಮಾಡಿನಿಂದ ನೇರ ಕೆಳಗೆ ಇಳಿಯಬಾರದು. ಗೋಡೆಯ ಬದಿಯಿಂದ, ಸೂರಿನ ಅಡಿಯಲ್ಲಿ ಒಳಗೆ ಹೋಗಲಿ. ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಮೇಲೇರಲಿ. ಆಗ ಹನಿ ಆ ತಗ್ಗಿನಲ್ಲೇ ಹೊರಗೆ ಬೀಳುತ್ತದೆ.

ಎರಡನೆಯದು ಸೈಲೆನ್ಸರ್ ಪೈಪು. ಎಂಜಿನ್ ಓಡುವಾಗ ಅದು ಬಿಸಿಯಾಗಿ ಉದ್ದವಾಗುತ್ತದೆ, ನಿಂತಾಗ ಕುಗ್ಗುತ್ತದೆ. ಜೊತೆಗೆ ಸದಾ ನಡುಕ. ಅದಕ್ಕೂ ಮಾಡಿಗೂ ಸೇರಿಸಿ ಏನೇ ಅಂಟಿಸಿದರೂ ಒಂದು ತಿಂಗಳಿಗೆ ಬಿರಿಯುತ್ತದೆ. ನಿಮ್ಮ 'ಒಂದು ತಿಂಗಳು' ಇದರದ್ದೇ ಇರಬಹುದು ಅಂತ ನನಗೆ ಅನುಮಾನ. ಇಲ್ಲಿ ಅಂಟು ಬೇಡ. ಮಾಡಿನ ತೂತಿನ ಸುತ್ತ ಮೂರ್ನಾಲ್ಕು ಇಂಚು ಎತ್ತರದ ಸ್ಟೀಲ್ ಕಾಲರ್ ಕೂರಿಸಿ. ಪೈಪಿಗೆ ಒಂದು ತಗಡಿನ ಛತ್ರಿ ವೆಲ್ಡ್ ಮಾಡಿಸಿ, ಅದು ಕಾಲರಿನ ಹೊರಗೆ ಇಳಿದಿರಲಿ. ಪೈಪು ಬೇಕಾದ ಹಾಗೆ ಅಲುಗಲಿ, ನೀರು ಹತ್ತಿ ಒಳಗೆ ಬರುವುದಿಲ್ಲ.

ಬಾಗಿಲು, ಹ್ಯಾಚುಗಳ ರಬ್ಬರ್ ನೋಡುವುದು ಒಂದು ನಿಮಿಷದ ಕೆಲಸ. ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಉಜ್ಜಿ ಮುಚ್ಚಿ ತೆಗೆಯಿರಿ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಅದು ಕೂರುತ್ತಿಲ್ಲ.

ಮೂಲ ಸಿಕ್ಕಿತು ಅಂದುಕೊಳ್ಳಿ. ಮುಚ್ಚುವಾಗ ಮೇಲಿಂದ ಅಂಚಿಗೆ ಬಳಿಯುವುದಲ್ಲ, ಬ್ರಾಕೆಟನ್ನು ಪೂರ್ತಿ ಬಿಚ್ಚಿ ಅಡಿಯಲ್ಲಿ ಹಾಕಬೇಕು. ಹಳೆಯ ಸಿಲಿಕಾನ್ ಒಂದು ಚೂರೂ ಉಳಿಯಬಾರದು, ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ. ಬೋಲ್ಟಿನ ತೂತನ್ನು ದೊಡ್ಡದು ಮಾಡಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಆಗ ನೀರು ತೂತಿಗೆ ಬಂದರೂ ಪ್ಲೈವುಡ್‌ಗೆ ಮುಟ್ಟುವುದಿಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ, ಅಲ್ಲಿ ಸಿಕಾಫ್ಲೆಕ್ಸ್ ಥರದ ಪಾಲಿಯುರೆಥೇನ್ ಸೀಲೆಂಟ್ ತುಂಬಿ. ಬೋಲ್ಟಿನ ತಲೆ ತಿರುಗದಂತೆ ಹಿಡಿದು ಒಳಗಿನಿಂದ ನಟ್ ಮಾತ್ರ ಬಿಗಿ ಮಾಡಿ. ಪೂರ್ತಿ ಬಿಗಿದರೆ ಸೀಲೆಂಟ್ ಎಲ್ಲ ಹೊರಗೆ ಹಿಂಡಿಹೋಗುತ್ತದೆ, ತೆಳು ಪದರವಾದರೂ ಒಳಗೆ ಉಳಿಯಬೇಕು. ಎಂ-ಸೀಲ್ ಗಟ್ಟಿ ವಸ್ತು, ಅಲುಗದ ಜಾಗಕ್ಕೆ ಸರಿ. ಅಲುಗುವ ಕೀಲಿಗೆ ಹಾಕಿದರೆ ಬಿರಿಯುತ್ತದೆ. ಕಿಟಕಿಗೆ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಕಿದ್ದರೆ ಅಸಿಟೋನ್, ಥಿನ್ನರ್ ತಾಗಿಸಬೇಡಿ, ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಈಗ ನಿಮ್ಮ ಮಾಡಿನ ಪ್ರಶ್ನೆ. ನೀವು ಮೇಲೆ ಹೊಡೆಸಿದ ಹೊಸ ಫೈಬರ್ ನನಗೆ ಚಿಂತೆಯ ವಿಷಯ. ಅದು ಬ್ರಾಕೆಟುಗಳ ಸುತ್ತ ಬಂದಿರುತ್ತದೆಯೇ ಹೊರತು ಅಡಿಗೆ ಹೋಗಿರುವುದಿಲ್ಲ. ಒಳಗೆ ಸೇರಿದ ನೀರು ಆರಲು ಇದ್ದ ದಾರಿಯನ್ನೂ ಅದು ಮುಚ್ಚಿದೆ. ಕಡಲ ನೀರು ಮರ ಕೊಳೆಸುತ್ತದೆ ಅಂತ ಹಲವರು ತಿಳಿದಿದ್ದಾರೆ. ನಿಜಕ್ಕೂ ಮರ ಕೊಳೆಸುವ ಶಿಲೀಂಧ್ರಕ್ಕೆ ಇಷ್ಟ ಮಳೆನೀರು, ಉಪ್ಪಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ. ನಿಮ್ಮ ಮಾಡಿಗೆ ಕಡಲಿಗಿಂತ ದೊಡ್ಡ ಶತ್ರು ಅದೇ.

ಸ್ಕ್ರೂಡ್ರೈವರಿನ ಹಿಡಿಯಿಂದ ಮಾಡನ್ನು ಗೇಣು ಗೇಣಿಗೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಸದ್ದು ಚುರುಕಾಗಿ ಬರುತ್ತದೆ, ಕೊಳೆತ ಕಡೆ ಮಂಕಾಗಿ ಡಬ್ ಅನ್ನುತ್ತದೆ. ಮಂಕಾದ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಅಲ್ಲಿ ಒಳಗಿನಿಂದ ಸಣ್ಣ ಡ್ರಿಲ್ ಬಿಟ್ಟು ಪ್ಲೈವುಡ್ ಚೂರು ತೆಗೆದು ನೋಡಿ, ಮೇಲಿನ ಫೈಬರ್ ತೂತಾಗಬಾರದು. ಚೂರು ಒಣಗಿ ತಿಳಿ ಬಣ್ಣ ಇದ್ದರೆ ಮರ ಚೆನ್ನಾಗಿದೆ, ಫೈಬರ್ ಮಾತ್ರ ಬಿಟ್ಟಿರಬಹುದು. ಕಪ್ಪಾಗಿ, ಬೆರಳಲ್ಲಿ ಹಿಸುಕಿದರೆ ನೀರು ಬಂದು ಹುಳಿ ವಾಸನೆ ಹೊಡೆದರೆ ಆ ತುಂಡು ಹೋಗಬೇಕು. ಸಾಮಾನ್ಯವಾಗಿ ಎರಡು ಮೂರು ಬ್ರಾಕೆಟಿನ ಸುತ್ತ ಮಾತ್ರ ಹೀಗಿರುತ್ತದೆ. ಆ ತುಂಡುಗಳನ್ನು ಕತ್ತರಿಸಿ, ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಕೂರಿಸಿ. ಪ್ಲೈವುಡ್‌ನ ಕತ್ತರಿಸಿದ ಅಂಚಿಗೆ ಮೊದಲು ಎಪಾಕ್ಸಿ ಕುಡಿಸಿ. ನೀರು ಹೀರುವುದೇ ಆ ಅಂಚು. ಅರ್ಧಕ್ಕಿಂತ ಜಾಸ್ತಿ ಮಾಡು ಡಬ್ ಅಂದರೆ, ಬೀಮುಗಳಿಗೂ ಚೂರಿ ಸಲೀಸಾಗಿ ಇಳಿದರೆ, ಆಗ ನಿಮ್ಮ ಕೆಲಸದವರ ಮಾತು ಸರಿ.

ಸಮಯದ ಬಗ್ಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬೋಟು ಹೇಗೂ ನಿಂತಿರುತ್ತದೆ. ಹುಡುಕುವ ಕೆಲಸಕ್ಕೆ ಆ ಮಳೆ ಒಳ್ಳೆಯದು, ಮುಚ್ಚುವ ಕೆಲಸಕ್ಕೆ ಅಲ್ಲ. ಒದ್ದೆ ಮರದ ಮೇಲೆ ಫೈಬರ್ ಹಿಡಿಯುವುದಿಲ್ಲ, ಒಳಗಿನ ಪ್ಲೈವುಡ್ ಆರಲು ವಾರಗಟ್ಟಲೆ ಬೇಕು. ಆದ್ದರಿಂದ ಏಪ್ರಿಲ್, ಮೇ ಬಿಸಿಲಿನಲ್ಲೇ ಒಂದೆರಡು ವಾರ ಬೋಟು ನಿಲ್ಲಿಸಲು ಸಾಧ್ಯವಾದರೆ ಆಗಲೇ ರಿಪೇರಿ ಮಾಡಿಸಿ, ಜೂನ್ ಮಳೆಯಲ್ಲಿ ಪರೀಕ್ಷಿಸಿ. ಆಗದಿದ್ದರೆ ಮಳೆಯ ಮೊದಲ ವಾರ ಹುಡುಕಿ ಗುರುತು ಹಾಕಿ. ಆಮೇಲೆ ಮಾಡಿನಿಂದ ಒಂದಡಿ ಎತ್ತರದಲ್ಲಿ, ಗಾಳಿ ಆಡುವ ಹಾಗೆ ಟಾರ್ಪಾಲ್ ಕಟ್ಟಿ ಒಣಗಿಸಿ.

ಒಳಗಿನ ಶೀಟನ್ನು ಕೂಡಲೇ ಮತ್ತೆ ಹಾಕಬೇಡಿ. ಆಗಸ್ಟ್‌ನ ಮೊದಲ ಟ್ರಿಪ್ ಬೀಮುಗಳು ಬಯಲಾಗಿಯೇ ಇರಲಿ, ಪೇಪರ್ ಪಟ್ಟಿಗಳೂ ಇರಲಿ. ಅಲೆಗೆ, ವಿಂಚಿನ ಎಳೆತಕ್ಕೆ ಎಲ್ಲಾದರೂ ಬಾಯಿ ಬಿಟ್ಟರೆ ಆಗ ಕಾಣುತ್ತದೆ. ಪಟ್ಟಿ ಒಣಗಿಯೇ ಬಂದರೆ ಶೀಟು ಹಾಕಿ. ಗಮ್ ಬೇಡ, ಸ್ಟೀಲ್ ಸ್ಕ್ರೂ ಹಾಕಿ. ಕೇಬಲ್ ಇಳಿಯುವ ಕಡೆ ಮತ್ತು ಸೈಲೆನ್ಸರ್ ಹತ್ತಿರ ಕೈ ಹೋಗುವಷ್ಟು ಅಗಲದ ಒಂದೊಂದು ತುಂಡನ್ನು ಬೇರೆಯಾಗಿ ಬಿಚ್ಚುವ ಹಾಗೆ ಮಾಡಿಸಿ.